ಇಂಗ್ಲಿಷ್ ಪದವನ್ನು ನಾನು ಬಾಲದಿಂದ ಬಿಡಿಸುತ್ತೇನೆ

ಉದ್ದನೆಯ ಇಂಗ್ಲಿಷ್ ಪದ ಬಂದರೆ ಮಕ್ಕಳು ಮುಂದಿನಿಂದ ತುಂಡು ಮಾಡುತ್ತಾರೆ. ನಾನು ಹಿಂದಿನಿಂದ ಕಳಚಲು ಹೇಳಿಕೊಡುತ್ತೇನೆ. ‘ಡಿಸ್‌ಅಗ್ರೀಮೆಂಟ್ಸ್’ ತೆಗೆದುಕೊಳ್ಳಿ. ಮೊದಲು ಬಹುವಚನದ ಎಸ್ ಹೋಗಬೇಕು. ವಚನ, ಕಾಲ ಹೇಳುವ ಪ್ರತ್ಯಯ ಸಾಮಾನ್ಯವಾಗಿ ತುತ್ತತುದಿಯಲ್ಲೇ ಇರುತ್ತದೆ. ಆಮೇಲೆ ಕ್ರಿಯಾಪದವನ್ನು ನಾಮಪದ ಮಾಡಿದ ‘ಮೆಂಟ್’. ಕೊನೆಗೆ ‘ಡಿಸ್’. ಉಳಿದದ್ದು ‘ಅಗ್ರೀ’.

ಪ್ರತಿ ಸಲ ಕಳಚಿದಾಗಲೂ ಉಳಿದದ್ದು ಬಳಕೆಯ ಪದವೇ ಎಂದು ನೋಡಲೇಬೇಕು. ‘ಅನ್‌ಕಂಫರ್ಟಬಲ್’ನಿಂದ ‘ಏಬಲ್’ ತೆಗೆದರೆ ‘ಅನ್‌ಕಂಫರ್ಟ್’ ಉಳಿಯುತ್ತದೆ, ಅಂಥ ಪದ ಬಳಕೆಯಲ್ಲಿಲ್ಲ. ಹಾಗಾಗಿ ಅಲ್ಲಿ ‘ಅನ್’ ಮೊದಲು ಹೋಗಬೇಕು. ‘ಅನ್‌ಲಾಕಬಲ್’ ಮಾತ್ರ ಎರಡೂ ದಾರಿಯಲ್ಲಿ ಬಿಡಿಸಿಕೊಳ್ಳುತ್ತದೆ: ‘ಅನ್‌ಲಾಕ್’ಗೆ ‘ಏಬಲ್’ ಸೇರಿದರೆ ಬೀಗ ತೆಗೆಯಬಹುದಾದದ್ದು, ‘ಲಾಕಬಲ್’ಗೆ ‘ಅನ್’ ಸೇರಿದರೆ ಬೀಗ ಹಾಕಲಾಗದ್ದು. ಕ್ರಿಯಾಪದದ ಮುಂದೆ ‘ಅನ್’ ಮಾಡಿದ್ದನ್ನು ಮರಳಿ ಬಿಚ್ಚುತ್ತದೆ, ಗುಣವಾಚಕದ ಮುಂದೆ ಬರೀ ಅಲ್ಲ ಎನ್ನುತ್ತದೆ.

ಕಾಗುಣಿತದ ತಪ್ಪು ಹೆಚ್ಚಾಗುವುದು ‘ಇನ್’ ಉಪಸರ್ಗದಲ್ಲಿ. ಲ್ಯಾಟಿನ್‌ನಿಂದ ಬಂದ ಇದು ಪಿ, ಬಿ, ಎಮ್ ಮುಂದೆ ‘ಇಮ್’ ಆಗುತ್ತದೆ, ಎಲ್ ಮುಂದೆ ‘ಇಲ್’, ಆರ್ ಮುಂದೆ ‘ಇರ್’: ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್. ಉತ್ ಮತ್ತು ಲೇಖ ಸೇರಿ ಉಲ್ಲೇಖವಾಗುವುದು ಗೊತ್ತಿದ್ದ ಮಕ್ಕಳಿಗೆ ಇದು ಕೂಡಲೇ ಹಿಡಿಸುತ್ತದೆ. ಇಂಗ್ಲಿಷಿನ ಸ್ವಂತದ ‘ಅನ್’ ಬರವಣಿಗೆಯಲ್ಲಿ ಹೀಗೆ ಬದಲಾಗುವುದಿಲ್ಲ: ಅನ್‌ಲಕ್ಕಿ, ಅನ್‌ರಿಯಲ್. ‘ಇಲ್ಲೀಗಲ್’ನಲ್ಲಿ ಇಂಗ್ಲಿಷರ ಬಾಯಲ್ಲಿ ಕೇಳುವುದು ಒಂದೇ ಎಲ್. ಅದಕ್ಕೇ ಬರೆಯುವಾಗ ಇನ್ನೊಂದು ಬಿಟ್ಟುಹೋಗುತ್ತದೆ. ಒಂದು ಉಪಸರ್ಗದ್ದು, ಒಂದು ಮೂಲಪದದ್ದು ಎಂದು ಗೆರೆ ಎಳೆದು ತೋರಿಸಿದರೆ ಸಾಕು. ‘ಮಿಸ್‌ಸ್ಪೆಲ್’ನಲ್ಲಿ ಎರಡು ಎಸ್ ಯಾಕೆ, ‘ಡಿಸಪಿಯರ್’ನಲ್ಲಿ ಒಂದೇ ಯಾಕೆ ಎನ್ನುವುದಕ್ಕೂ ಇದೇ ಗೆರೆ.

‘ಇನ್’ ಕಂಡಲ್ಲೆಲ್ಲ ‘ಅಲ್ಲ’ ಎಂದುಕೊಂಡರೆ ಅಪಾಯ. ‘ಇನ್‌ಫ್ಲೇಮಬಲ್’ ಎಂದರೆ ಬೆಂಕಿ ಹತ್ತುವಂಥದ್ದು; ‘ಫ್ಲೇಮಬಲ್’ ಎಂದರೂ ಅದೇ. ಡಬ್ಬಿಯ ಮೇಲೆ ಇದನ್ನು ತಪ್ಪಾಗಿ ಓದಬಾರದು.

ಉಚ್ಚಾರಣೆಯಲ್ಲಿ ನಮ್ಮವರು ಎಡವುವುದು ಒತ್ತಿನಲ್ಲಿ. ‘ಫೋಟೋಗ್ರಾಫ್’ನಲ್ಲಿ ಒತ್ತು ‘ಫೋ’ ಮೇಲೆ, ‘ಫೊಟಾಗ್ರಫಿ’ಯಲ್ಲಿ ‘ಟಾ’ ಮೇಲೆ, ‘ಫೋಟೋಗ್ರಾಫಿಕ್’ನಲ್ಲಿ ‘ಗ್ರಾ’ ಮೇಲೆ. ‘ಇಕ್’, ‘ಇಟಿ’ ಬಂದರೆ ಒತ್ತು ಬಹುಮಟ್ಟಿಗೆ ಅವುಗಳ ಹಿಂದಿನ ಅಕ್ಷರಕ್ಕೇ ಬೀಳುತ್ತದೆ. ‘ನೆಸ್’, ‘ಫುಲ್’, ‘ಲೆಸ್’ ಒತ್ತನ್ನು ಕದಲಿಸುವುದಿಲ್ಲ. ಹಾಗಾಗಿ ಗಟ್ಟಿಯಾಗಿ ಓದಿಸುವ ಮೊದಲೇ ಪ್ರತ್ಯಯಕ್ಕೆ ಪೆನ್ಸಿಲ್ ಗುರುತು ಹಾಕಿಸುತ್ತೇನೆ.