ಐವರನ್ನ ಒಟ್ಟಿಗೆ ಕೂಡಿಸಿ ಕೆಟ್ಟೆ

ಬಿಸಿಯೂಟ ಮುಗಿದ ಮೇಲಿನ ಮೊದಲ ಪೀರಿಯಡ್ಡು. ಒಂಬತ್ತನೇ ಕ್ಲಾಸಿನ ಕೊನೇ ಬೆಂಚಿಂದ ಪಂಕ್ಚರ್ ಅಂಗಡಿಯ ವಾಸನೆ. ಸೈಕಲ್ ಟ್ಯೂಬಿಗೆ ಹಚ್ಚೋ ಸಲ್ಯೂಷನ್ನು, ಹುಡುಗರು ನಶೆಗೆ ಅಂತ ಬಟ್ಟೆಗೆ ಹಾಕಿ ಮೂಸೋದು. ಹುಡುಗನ ಜೇಬಿಂದ ಕರ್ಚೀಫು ತೆಗೆಸಿದರೆ ಹಪ್ಪಳದ ಹಾಗೆ ಬಿರುಸಾಗಿತ್ತು. "ಸೈಕಲ್ ಒರೆಸಿದ್ದೆ ಸಾರ್" ಅಂದ. ಪಕ್ಕದ ನಾಲ್ವರು ಕಿಸಕ್ಕನೆ ನಕ್ಕರು. ಆ ನಗುವನ್ನ ನಾನು ಆಗ ಲೆಕ್ಕಕ್ಕೇ ತಗೊಳ್ಳಲಿಲ್ಲ.

ಎಲ್ಲರೂ ಬಳ್ಳಾರಿ ಕೌಲ್‌ಬಜಾರ್ ಕಡೆಯ ಹುಡುಗರು. ಶಾಲೆ ಬಿಟ್ಟ ಮೇಲೆ ಅಣ್ಣಂದಿರ ಹಿಂದೆ ಜೀನ್ಸ್ ಯೂನಿಟ್ಟಿಗೆ ಹೋಗಿ ಪ್ಯಾಂಟಿನ ದಾರ ಕತ್ತರಿಸೋರು. ಶನಿವಾರ ಕೈಗೆ ಕಾಸು ಬರ್ತಿತ್ತು.

ಮನೆಗಳಿಗೆ ಹೋದೆ. ಐದು ಮನೆ, ಐದು ತಾಯಂದಿರು, ಮಾತು ಮಾತ್ರ ಒಂದೇ: "ನಮ್ ಹುಡ್ಗ ಒಳ್ಳೇನು ಸಾರ್, ಆ ನಾಕು ಮಂದಿ ಕೂಡಿ ಕೆಡಿಸ್ಯಾರೆ." ಹಾಗಾದರೆ ಕೆಡಿಸಿದವನು ಯಾರು? ನಮ್ಮ ಗಣಿತದ ಮೇಷ್ಟ್ರಿಗೂ ಬಿಡಿಸೋಕಾಗದ ಲೆಕ್ಕ. ಮನೇಲಿ ಸಮಾಧಾನ ಇಲ್ಲದ ಹುಡುಗ ತನ್ನಂಥವನನ್ನೇ ಹುಡುಕಿಕೊಂಡು ಹೋಗ್ತಾನೆ. ಸಿಕ್ಕ ಮೇಲೆ ಒಬ್ಬರನ್ನೊಬ್ಬರು ಮುಂದಕ್ಕೆ ತಳ್ತಾರೆ. ತಾಯಂದಿರು ಹೇಳಿದ್ದು ಅರ್ಧ ನಿಜ.

ನಾನು ಮಾಡಿದ್ದೇನು? ದಿನಾ ನಾಲ್ಕೂವರೆಗೆ ಐವರನ್ನೂ ಲ್ಯಾಬಿನಲ್ಲಿ ಕೂಡಿಸಿ, ಶ್ವಾಸಕೋಶದ ಚಾರ್ಟು ನೇತುಹಾಕಿ ಬುದ್ಧಿ ಹೇಳಿದೆ. ಮೂರನೇ ವಾರಕ್ಕೆ ಶಾಲೆಯವರೆಲ್ಲ 'ಲ್ಯಾಬ್ ಗ್ಯಾಂಗ್' ಅನ್ನೋಕೆ ಶುರು ಮಾಡಿದರು. ಇವರಿಗದು ಬಿರುದಾಯ್ತು. ಅಲ್ಲಿವರೆಗೆ ಬರೀ ಗುಟ್ಕಾ ಹಾಕ್ತಿದ್ದ ಐದನೆಯವನೂ ಸಲ್ಯೂಷನ್ನಿಗೆ ಬಂದ. ಶಾಲೆಯ ನೀರಿನ ಮೋಟರಿನ ವೈರು ಗುಜರಿ ಅಂಗಡಿ ಸೇರಿದ್ದೂ ಅದೇ ತಿಂಗಳು.

ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಆಪ್ತಸಮಾಲೋಚಕಿಯೊಬ್ಬರು ಇದನ್ನ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡರು. ಅಮೆರಿಕದ ಥಾಮಸ್ ಡಿಶನ್ ಮತ್ತು ಸಂಗಡಿಗರು 1999ರಲ್ಲೇ ಇದನ್ನ ಬರೆದಿದ್ದಾರೆ ಅಂದರು. ದಾರಿ ತಪ್ತಿರೋ ಹುಡುಗರನ್ನ ಗುಂಪಾಗಿ ಕೂಡಿಸಿ ತಿದ್ದಲು ಹೋದಾಗ, ತಂಬಾಕಿನ ಚಟವೂ ಪುಂಡಾಟವೂ ಹೆಚ್ಚಾಗಿತ್ತು. ಗೆಳೆಯರ ಮಾತುಕತೆಯನ್ನ ವಿಡಿಯೋ ಮಾಡಿ ನೋಡಿದರೆ, ನಿಯಮ ಮುರಿದ ಕಥೆ ಬಂದಾಗೆಲ್ಲ ನಗು. ಆ ನಗುವೇ ಬಹುಮಾನ. ಯಾರೂ ಬಾಯಿಗೆ ತುರುಕಿರಲ್ಲ, ನಕ್ಕಿರ್ತಾರೆ ಅಷ್ಟೇ. ನನಗೆ ಕರ್ಚೀಫಿನ ದಿನ ನೆನಪಾಯ್ತು.

ಮಾರನೇ ದಿನವೇ ಲ್ಯಾಬಿನ ಕೂಟ ನಿಲ್ಲಿಸಿದೆ. 'ಅವರ ಜೊತೆ ಸೇರಬೇಡ' ಅಂತ ಮಾತ್ರ ಯಾರಿಗೂ ಹೇಳಲಿಲ್ಲ, ಹೇಳಿದರೆ ಕಾಂಪೌಂಡ್ ಹಾರಿ ಸೇರ್ತಾರೆ. ನಾಲ್ಕೂವರೆಯಿಂದ ಆರೂವರೆ, ಆ ಎರಡು ತಾಸನ್ನ ಮಾತ್ರ ಬೇರೆ ಬೇರೆ ಮಾಡಿದೆ. ಒಬ್ಬ ಕಬಡ್ಡಿ ತಂಡಕ್ಕೆ. ಅಲ್ಲಿದ್ದವರು ಏನೂ ಮುಟ್ಟದ ಹುಡುಗರು. ದಮ್ಮು ಸಾಲದೆ ಎರಡೇ ರೈಡಿಗೆ ಕೂತಾಗ ಅವರೇ ನಕ್ಕರು, ಈ ಸಲ ನಗು ಬೇರೆ ಕಡೆಯಿಂದ ಬಂತು. ವೈರು ಕದ್ದವನು ಸೋದರಮಾವನ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೆಲಸ ನೋಡೋಕೆ ಕೂತ. ತಾಮ್ರದ ಬೆಲೆ ಮೊದಲೇ ಗೊತ್ತಿತ್ತಲ್ಲ. ಮೂರನೆಯವನ ಕೈಗೆ ಲೈಬ್ರರಿ ಬೀಗದ ಕೈ ಕೊಟ್ಟೆ. ಎರಡು ಪುಸ್ತಕ ಕಳೆದವು, ಕೇಳೋಕೆ ಹೋಗಲಿಲ್ಲ. ಕೈ ನಡುಗೋ ನಾಲ್ಕನೆಯವನನ್ನ ತಾಯಿ ಜೊತೆ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅದು ಮೇಷ್ಟ್ರ ಕೈಲಾಗೋ ಕೆಲಸ ಅಲ್ಲ.

ಗೇಟಿನ ಎದುರು ಡಬ್ಬಾ ಅಂಗಡಿ ಇತ್ತು. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅನ್ನೋ 2003ರ ಕಾಯ್ದೆ, ಮಕ್ಕಳಿಗೆ ಕೊಟ್ಟರೆ 7 ವರ್ಷದವರೆಗೆ ಜೈಲು ಅನ್ನೋ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮು, ಎರಡನ್ನೂ ಬರೆದು ತೋರಿಸಿದೆ. ಡಬ್ಬಾ ಸರಿಯಾಗಿ ನೂರೈದು ಗಜಕ್ಕೆ ಸರೀತು.

ಐದನೆಯವನು ಶಾಲೆ ಬಿಟ್ಟ. ಮೊನ್ನೆ ಮೋತಿ ಸರ್ಕಲ್ ಹತ್ತಿರ ಸಿಕ್ಕಿದ್ದ, ಬೆರಳ ತುದಿಯೆಲ್ಲ ಜೀನ್ಸಿನ ನೀಲಿ. "ಲ್ಯಾಬಿನಾಗೆ ಈಗ್ಲೂ ಕೂಡಿಸ್ತೀರಾ ಸಾರ್?" ಅಂದ. ಇಲ್ಲಪ್ಪ ಅಂದೆ.

"ಚಲೋ ಇತ್ತು ಸಾರ್ ಅದು" ಅಂದ.