ದಂಡದ ರಸೀದಿ ಹರಿಯುವ ಮೊದಲು

ಆ ಊರಿನ ಪುರಸಭೆಗೆ ನಾನು ಆರೋಗ್ಯ ನಿರೀಕ್ಷಕನಾಗಿ ವರ್ಗವಾಗಿ ಬಂದದ್ದು 2017ರಲ್ಲಿ. ಬಂದ ಮೊದಲ ವಾರವೇ ಹನ್ನೊಂದು ದಂಡದ ರಸೀದಿ ಹರಿದೆ. ಎಲ್ಲವೂ ಒಂದೇ ಜಾಗದಲ್ಲಿ. ಹಳೇ ಬಸ್ ನಿಲ್ದಾಣದ ಹಿಂದೆ ಚರಂಡಿಯ ತಿರುವು, ಅಲ್ಲೊಂದು ಕರೆಂಟ್ ಕಂಬ. ಕಂಬದ ಬುಡದಲ್ಲಿ ದಿನಾ ಕಸದ ರಾಶಿ. ನಮ್ಮಲ್ಲಿ ಇಂಥ ಜಾಗಕ್ಕೆ ಬ್ಲ್ಯಾಕ್ ಸ್ಪಾಟ್ ಅಂತಾರೆ. ಬೆಳಿಗ್ಗೆ ಐದೂವರೆಗೆ ನಾನು, ದಫೇದಾರ್ ಇಬ್ಬರೂ ಹೋಗಿ ನಿಲ್ಲುತ್ತಿದ್ದೆವು. ಕವರ್ ಎಸೆಯಲು ಬಂದವರಿಗೆ ತಲಾ ನೂರು ರೂಪಾಯಿ. ಒಂದು ವಾರ ಜಾಗ ಚೊಕ್ಕಟವಾಗಿತ್ತು. ಎಂಟನೇ ದಿನ ನಾವು ಹೋಗಲಿಲ್ಲ. ಒಂಬತ್ತನೇ ದಿನ ನೋಡಿದರೆ ರಾಶಿ ಮೊದಲಿನಷ್ಟೇ ಇತ್ತು.

ಸಂಜೆ ಆಫೀಸಿನಲ್ಲಿ ಕೂತು ರಸೀದಿ ಪುಸ್ತಕದ ಹಿಂಬದಿ ಪ್ರತಿಗಳನ್ನು ತಿರುವಿ ಹಾಕಿದೆ. ಹನ್ನೊಂದರಲ್ಲಿ ಎಂಟು ಹೆಂಗಸರ ಹೆಸರು. ಎಂಟೂ ನಾಲ್ಕೇ ಬೀದಿಯವು. ಮಾರನೇ ದಿನ ಆ ಬೀದಿಗಳಿಗೆ ಹೋಗಿ ಕೇಳಿದಾಗ ವಿಷಯ ತಿಳಿಯಿತು. ಅವರೆಲ್ಲ ಗಾರ್ಮೆಂಟ್ಸ್‌ಗೆ ಹೋಗುವವರು. ಫ್ಯಾಕ್ಟರಿ ವ್ಯಾನು ಆರು ಗಂಟೆಗೆ ಬರುತ್ತದೆ. ನಮ್ಮ ಕಸದ ಆಟೊ ಆ ಬೀದಿಗೆ ಹೋಗುತ್ತಿದ್ದದ್ದು ಎಂಟೂವರೆಗೆ. ಅಷ್ಟು ಹೊತ್ತಿಗೆ ಮನೆಗೆಲ್ಲ ಬೀಗ. ಬಾಗಿಲ ಹೊರಗೆ ಇಟ್ಟು ಹೋದರೆ ನಾಯಿ ಎಳೆದಾಡುತ್ತವೆ. ಒಳಗೆ ಇಟ್ಟರೆ ಎರಡೇ ದಿನಕ್ಕೆ ವಾಸನೆ. ವ್ಯಾನು ಹತ್ತುವ ದಾರಿಯಲ್ಲೇ ಆ ಕಂಬ ಇತ್ತು.

ಒಬ್ಬಾಕೆ ನನ್ನನ್ನು ನೇರವಾಗಿ ಕೇಳಿದರು: "ನೂರು ರೂಪಾಯಿ ಕೊಟ್ಟೆ ಸಾರ್, ಆಯ್ತು. ನಾಳೆ ಕಸ ಎಲ್ಲಿ ಹಾಕ್ಲಿ, ಅದನ್ನ ಹೇಳಿ." ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಯಾರಿಗೂ ರಸೀದಿ ಹರಿಯಬಾರದು ಅಂತ ಅವತ್ತೇ ನಿರ್ಧಾರ ಮಾಡಿದೆ. ಆಮೇಲೆ ಆ ಊರಿನಲ್ಲಿ ಕಳೆದ ಆರು ವರ್ಷವೂ ಕೆಲಸ ನಡೆದದ್ದು ಅದರ ಮೇಲೇ.

ಆಟೊದ ಹೊತ್ತು ಬದಲಿಸುವುದು ಹೇಳಿದಷ್ಟು ಸುಲಭ ಇರಲಿಲ್ಲ. ಡ್ರೈವರ್ ಒಬ್ಬರು, ಕಸ ತೆಗೆದುಕೊಳ್ಳುವ ಅಕ್ಕ ಒಬ್ಬರು. ಅವರೂ ಮನೆಯಲ್ಲಿ ಅಡುಗೆ ಮಾಡಿಟ್ಟು, ಮಕ್ಕಳನ್ನು ಎಬ್ಬಿಸಿ ಬರಬೇಕು. ಐದೂಕಾಲಿಗೆ ಬನ್ನಿ ಅಂತ ಸುಮ್ನೆ ಆದೇಶ ಮಾಡುವುದು ತಪ್ಪು. ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದೆ. ಬೇಗ ಬಂದಷ್ಟೇ ಬೇಗ ಮನೆಗೆ ಬಿಡುವುದು, ಭಾನುವಾರ ಆ ಬೀದಿಗಳಿಗೆ ಮಾಮೂಲಿ ಹೊತ್ತಿಗೇ ಹೋಗುವುದು ಅಂತ ಒಪ್ಪಂದವಾಯಿತು. ಮುಖ್ಯಾಧಿಕಾರಿಗಳು ಅದನ್ನು ಬರಹದಲ್ಲಿ ಕೊಟ್ಟರು. ಬಾಯಿಮಾತಾಗಿದ್ದರೆ ಮುಂದೆ ಬರುವ ಮೇಲಧಿಕಾರಿ ಹಾಜರಾತಿ ಪುಸ್ತಕ ನೋಡಿ ಅವರ ಸಂಬಳ ಹಿಡಿದುಬಿಡಬಹುದಿತ್ತು. ಇಂಥ ಸಣ್ಣ ಕಾಗದಗಳನ್ನು ಯಾವತ್ತೂ ಬಿಡಬಾರದು.

ಮೂರು ವಾರದಲ್ಲಿ ರಾಶಿ ಕಾಲು ಭಾಗಕ್ಕೆ ಇಳಿಯಿತು. ಉಳಿದ ಕಾಲು ಭಾಗ ಬೇರೆ ಕಥೆ. ಅದು ರಾತ್ರಿ ಹತ್ತರ ಮೇಲೆ ಬೀಳುತ್ತಿತ್ತು. ಕೋಳಿ ಅಂಗಡಿಯ ಪುಕ್ಕ, ಕರುಳು. ಇವರಿಗೆ ಆಟೊ ತಪ್ಪುತ್ತದೆ ಅನ್ನುವ ಕಷ್ಟ ಇರಲಿಲ್ಲ. ಅಂಗಡಿ ಕಸಕ್ಕೆ ಬೇರೆ ಗಾಡಿ ಇತ್ತು. ತಿಂಗಳ ಶುಲ್ಕ ಉಳಿಸಲು ಕತ್ತಲಲ್ಲಿ ಸುರಿಯುತ್ತಿದ್ದರು. ಇಲ್ಲಿ ದಂಡವೇ ಮದ್ದು. ಎರಡು ರಾತ್ರಿ ಕಾದು ಹಿಡಿದೆವು. ಅಂಗಡಿಯವರು ಕೌನ್ಸಿಲ್ ಸದಸ್ಯರೊಬ್ಬರಿಗೆ ಹತ್ತಿರದ ನೆಂಟರು. ಹತ್ತು ನಿಮಿಷದಲ್ಲಿ ಫೋನ್ ಬಂತು. "ಅಣ್ಣಾ, ಫೋಟೊ ತೆಗೆದಾಗಿದೆ, ರಸೀದಿ ಬರೆದಾಗಿದೆ, ರಸೀದಿಗೆ ನಂಬರ್ ಇರುತ್ತೆ, ಹರಿದು ಬಿಸಾಕೋಕೆ ಆಗಲ್ಲ" ಅಂದೆ. ಮಾತು ನಿಜವೇ ಆಗಿತ್ತು. ಫೋನ್ ಬರುವ ಮೊದಲೇ ರಸೀದಿ ಬರೆದು ಮುಗಿಸಿರಬೇಕು, ಇದನ್ನು ಹೊಸಬರಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ಆ ಒಂದು ರಸೀದಿಯ ಸುದ್ದಿ ಮಾರನೇ ಬೆಳಿಗ್ಗೆ ಇಡೀ ಮಾರ್ಕೆಟ್‌ಗೆ ಗೊತ್ತಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಎಂಟು ರಸೀದಿ ಮಾಡದ ಕೆಲಸವನ್ನು ಅದು ಮಾಡಿತು.

ಬೈಲಾ, ಅಂದರೆ ಪುರಸಭೆ ತನ್ನ ಊರಿಗೆ ಮಾಡಿಕೊಳ್ಳುವ ನಿಯಮ, ಅದರ ಬಗ್ಗೆ ಸ್ವಲ್ಪ ಹೇಳಬೇಕು. ಪುರಸಭೆ ಮನಸ್ಸಿಗೆ ಬಂದಂತೆ ದಂಡ ಹಾಕುವಂತಿಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆ ಕೊಟ್ಟ ಅಧಿಕಾರದ ಒಳಗೇ ಬೈಲಾ ಮಾಡಬೇಕು. ಕರಡು ಪ್ರಕಟಿಸಿ ಜನರ ಆಕ್ಷೇಪಣೆ ಕೇಳಬೇಕು. ಸರ್ಕಾರದ ಮಂಜೂರಾತಿ ಬೇಕು. ಕಸದ ವಿಷಯಕ್ಕೆ ಬಂದರೆ, ಕೇಂದ್ರದ 2016ರ ಘನತ್ಯಾಜ್ಯ ನಿಯಮಗಳು ಎಲ್ಲ ಸ್ಥಳೀಯ ಸಂಸ್ಥೆಗಳೂ ಒಂದು ವರ್ಷದೊಳಗೆ ಬೈಲಾ ಮಾಡಿಕೊಳ್ಳಬೇಕು ಅಂದವು. ಮನೆಯಲ್ಲೇ ಹಸಿ ಕಸ, ಒಣ ಕಸ, ಅಪಾಯಕಾರಿ ಕಸ ಅಂತ ಮೂರು ಭಾಗ ಮಾಡಬೇಕು ಎಂಬ ಆಗಿನ ನಿಯಮ ಅಲ್ಲಿಂದಲೇ ಬಂದದ್ದು. ನಮ್ಮ ಬೈಲಾ ಪುಸ್ತಕ ದಪ್ಪಗೆ ಬೀರುವಿನಲ್ಲಿ ಇತ್ತು. ಭಾಷೆ ವಕೀಲರಿಗೂ ಕಷ್ಟ. ನಾನು ಅದರಿಂದ ಒಂಬತ್ತು ಸಾಲು ತೆಗೆದು, ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದೆ. ಏನು ಮಾಡಬಾರದು, ಅದರ ಬದಲು ಏನು ಮಾಡಬೇಕು, ಯಾವ ಬೀದಿಗೆ ಆಟೊ ಎಷ್ಟು ಗಂಟೆಗೆ, ಅಷ್ಟೇ. ಓದಲು ಬಾರದವರಿಗೆ ಆಟೊದ ಮೈಕಿನಲ್ಲಿ ಹೇಳಿಸಿದೆ. ಮೈಕಿನಲ್ಲಿ ಮಾತಾಡಿದ್ದು ಕಸ ತೆಗೆದುಕೊಳ್ಳುವ ಅಕ್ಕನೇ. ಅವರ ಧ್ವನಿ ಎಲ್ಲ ಮನೆಗೂ ಗೊತ್ತು. ಅಧಿಕಾರಿಯ ಧ್ವನಿಗಿಂತ ಅದಕ್ಕೆ ಜಾಸ್ತಿ ಬೆಲೆ.

ಅದೇ 2016ರ ನಿಯಮದಲ್ಲಿ ಇನ್ನೊಂದು ಮಾತಿತ್ತು, ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಜಾಸ್ತಿ ಜನ ಸೇರುವ ಕಾರ್ಯಕ್ರಮ ಇದ್ದರೆ ಮೂರು ಕೆಲಸದ ದಿನ ಮೊದಲೇ ಪುರಸಭೆಗೆ ತಿಳಿಸಬೇಕಿತ್ತು, ಕಸ ಬೇರೆ ಮಾಡಿ ಕೊಡಬೇಕಿತ್ತು. ಕಲ್ಯಾಣ ಮಂಟಪದ ಮ್ಯಾನೇಜರ್‌ಗಳಿಗೆ ಇದನ್ನು ತೋರಿಸಿ, ಬುಕಿಂಗ್ ಡೈರಿಯ ಪ್ರತಿ ತಿಂಗಳಿಗೊಮ್ಮೆ ಕೇಳಿ ಪಡೆದೆ. ಮುಹೂರ್ತದ ದಿನ ಊಟದ ಎಲೆಗೆ ಅಂತಲೇ ಒಂದು ಟ್ರ್ಯಾಕ್ಟರ್ ಕಳಿಸಿದೆವು. ಎಲೆಯ ಜೊತೆ ಪ್ಲಾಸ್ಟಿಕ್ ಲೋಟ ಬಂದರೆ ಲೋಡ್ ತೆಗೆದುಕೊಳ್ಳುತ್ತಿರಲಿಲ್ಲ. ಒಂದೇ ಸಲ ಹಾಗೆ ವಾಪಸ್ ಬಂದದ್ದು.

ಪ್ಲಾಸ್ಟಿಕ್ ಕವರ್ ವಿಷಯದಲ್ಲಿ ತುಂಬ ಸಮಯ ಹಾಳು ಮಾಡಿದೆ. ರಾಜ್ಯದಲ್ಲಿ 2016ರ ಮಾರ್ಚ್‌ನಲ್ಲೇ ಕ್ಯಾರಿ ಬ್ಯಾಗ್ ನಿಷೇಧ ಆಗಿತ್ತು, ಎಷ್ಟು ದಪ್ಪ ಇದ್ದರೂ ಸರಿ. ಆದರೆ ಅಂಗಡಿಯವರು ತೆಳು ಕವರ್ ಮಾತ್ರ ಬೇಡ ಅನ್ನುವ ಕೇಂದ್ರದ ನಿಯಮ ಹಿಡಿದು "50 ಮೈಕ್ರಾನ್ ಇದೆ ಸಾರ್" ಅನ್ನುತ್ತಿದ್ದರು. 2021ರಲ್ಲಿ ಅದು 75 ಆಯಿತು, ಮುಂದಿನ ವರ್ಷದ ಕೊನೆಗೆ 120. ಪ್ರತಿ ಅಂಗಡಿಯಲ್ಲೂ ಇದೇ ವಾದ. ಸಣ್ಣ ಅಂಗಡಿಗಳಿಂದ ಕಾಲು ಕೆಜಿ, ಅರ್ಧ ಕೆಜಿ ಜಪ್ತಿ ಮಾಡಿ ಏನೂ ಪ್ರಯೋಜನ ಇಲ್ಲ. ಕವರ್ ಎಲ್ಲಿಂದ ತರುತ್ತೀರಿ ಅಂತ ನಾಲ್ಕು ಹೂವಿನವರನ್ನು ನಿಧಾನವಾಗಿ ಕೇಳಿದೆ. ನಾಲ್ವರೂ ಹೇಳಿದ್ದು ಒಂದೇ ಗೋಡೌನ್. ಅಲ್ಲಿಗೆ ಹೋದಾಗ ತಕ್ಕಡಿ ತಂದು ಮಾಲೀಕರ ಎದುರಿಗೇ ತೂಗಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಮಹಜರು ಬರೆದೆವು. ತೂಕ ಬರೆಯದೆ ಜಪ್ತಿ ಮಾಡಿದರೆ ಮಾಲು ಅರ್ಧ ಮಾಯವಾಯಿತು ಅಂತ ನಮ್ಮ ಮೇಲೇ ಆರೋಪ ಬರುತ್ತದೆ. ಹೂವಿನವರು ಎಲೆಗೆ, ಪೇಪರ್‌ಗೆ ವಾಪಸ್ ಬಂದರು. ಮೀನಿನವರಿಗೆ ಬದಲಿ ಏನು ಕೊಡಬೇಕು ಅನ್ನುವುದು ಕೊನೆವರೆಗೂ ಹೊಳೆಯಲಿಲ್ಲ. ಗಿರಾಕಿಗಳೇ ಡಬ್ಬಿ ತರಲಿ ಅಂತ ಬೋರ್ಡ್ ಹಾಕಿಸಿದೆವು, ಕೆಲವರು ತಂದರು.

ಈಗ ನನ್ನ ತಪ್ಪಿನ ವಿಷಯ. ಸಂತೆಯ ದಿನ ಬಸ್ ನಿಲ್ದಾಣದ ರಸ್ತೆಯಲ್ಲಿ ಸೊಪ್ಪು, ತರಕಾರಿಯವರು ಕೂತು ಬಸ್ಸು ತಿರುಗಲು ಜಾಗ ಇರುತ್ತಿರಲಿಲ್ಲ. ದೂರು ಮೇಲೆ ದೂರು. ಒಂದು ದಿನ ಮೇಲಿಂದ ಒತ್ತಡ ಬಂದು, ನಾನು ಇಬ್ಬರನ್ನು ಕರೆದುಕೊಂಡು ಹೋಗಿ ತಕ್ಕಡಿಗಳನ್ನು ಎತ್ತಿಸಿದೆ. ಒಬ್ಬ ಅಜ್ಜಿಯ ಸೊಪ್ಪಿನ ಬುಟ್ಟಿಯೂ ಟ್ರ್ಯಾಕ್ಟರ್ ಸೇರಿತು. ಅಜ್ಜಿ ಬೈಯಲಿಲ್ಲ, ಅಳಲಿಲ್ಲ. ಸಂಜೆ ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂತರು. "ಸೊಪ್ಪು ಬಾಡೋಗಿರುತ್ತೆ ಮಗಾ, ಬುಟ್ಟಿ ಕೊಡು, ಊರಿಗೆ ಕಡೇ ಬಸ್ ಐತೆ" ಅಂದರು. ಬುಟ್ಟಿ ಕೊಟ್ಟೆ. ಸೊಪ್ಪು ನಿಜವಾಗಿ ಬಾಡಿತ್ತು.

ಆ ರಾತ್ರಿ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಮೊದಲ ಸಲ ಪೂರ್ತಿ ಓದಿದೆ. ಹುದ್ದೆಯಲ್ಲಿ ಇಷ್ಟು ವರ್ಷವಾಗಿ ಪೂರ್ತಿ ಓದಿರಲಿಲ್ಲ ಎಂಬುದಕ್ಕೆ ಇವತ್ತಿಗೂ ಬೇಸರವಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದರೂ ಮೂವತ್ತು ದಿನದ ನೋಟಿಸ್ ಕೊಡಬೇಕು. ಜಪ್ತಿ ಮಾಡಿದರೆ ಪಟ್ಟಿ ಕೊಡಬೇಕು. ಕೊಳೆಯುವ ಮಾಲನ್ನು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನದೊಳಗೆ ವಾಪಸ್ ಕೊಡಬೇಕು. ನಾನು ಪಟ್ಟಿ ಕೊಟ್ಟಿರಲಿಲ್ಲ, ನೋಟಿಸ್ ಕೊಟ್ಟಿರಲಿಲ್ಲ. ನಿಯಮ ಜಾರಿ ಮಾಡಲು ಹೋದ ನಾನೇ ನಿಯಮ ಮುರಿದಿದ್ದೆ.

ಮುಂದಿನ ಸಂತೆಗೆ ಅಜ್ಜಿಯ ಹತ್ತಿರ ಹೋಗಿ ತಪ್ಪಾಯಿತು ಅಂದೆ. ಇಲ್ಲೇ ಯಾಕೆ ಕೂರುತ್ತೀರಿ ಅಂತ ಕೇಳಿದೆ. ಸಂತೆ ಮೈದಾನದ ಒಳಗೆ ಮಧ್ಯಾಹ್ನದ ಮೇಲೆ ನೆರಳೇ ಇಲ್ಲ, ಸೊಪ್ಪು ನಿಲ್ಲಲ್ಲ ಅಂದರು. ಕುಡಿಯಲು ನೀರಿಲ್ಲ, ಹೆಂಗಸರಿಗೆ ಶೌಚಾಲಯಕ್ಕೆ ಬೀಗ. ಕಾಯ್ದೆ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡ 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಇರಬೇಕು. ನಮ್ಮಲ್ಲಿ ಸಮಿತಿ ಕಾಗದದಲ್ಲಿ ಇತ್ತು, ಸಭೆ ನಡೆದಿರಲಿಲ್ಲ. ಮುಖ್ಯಾಧಿಕಾರಿಗಳನ್ನು ಒಪ್ಪಿಸಿ ಸಭೆ ಕರೆಸಿದೆವು. ಎಲ್ಲಿ ಗೆರೆ ಹಾಕಬೇಕು ಅಂತ ವ್ಯಾಪಾರಿಗಳೇ ತೋರಿಸಿದರು. ಬಸ್ ಡ್ರೈವರ್ ಒಬ್ಬರನ್ನು ಕರೆದು, ಖಾಲಿ ರಸ್ತೆಯಲ್ಲಿ ಬಸ್ಸು ತಿರುಗಿಸಿ, ಚಕ್ರ ಹೋದ ಜಾಗ ಬಿಟ್ಟು ಆಚೆಗೆ ಸುಣ್ಣದ ಗೆರೆ ಎಳೆದೆವು. ಮೈದಾನಕ್ಕೆ ಶೀಟು, ನಲ್ಲಿ ಬರಲು ಒಂದೂವರೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ಗೆರೆ ಆಚೆಗೆ ಬುಟ್ಟಿ ಬಂದರೆ ಪಕ್ಕದವರೇ ಗದರುತ್ತಿದ್ದರು. ಆ ರಸ್ತೆಯಲ್ಲಿ ಮತ್ತೆ ತಕ್ಕಡಿ ಎತ್ತುವ ಪ್ರಸಂಗ ಬರಲಿಲ್ಲ.

ಫ್ಲೆಕ್ಸ್ ಬ್ಯಾನರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1981ರ ಕಾಯ್ದೆ ಇದೆ, ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯುವುದಕ್ಕೆ. ತೆಗೆಯುವುದಾದರೆ ಒಂದೇ ದಿನ, ಒಂದೇ ಗಾಡಿಯಲ್ಲಿ, ಎಲ್ಲ ಪಕ್ಷದ್ದು, ಎಲ್ಲ ಸಂಘದ್ದು ಒಟ್ಟಿಗೆ ತೆಗೆಯಬೇಕು. ಮೊದಲು ತೆಗೆಯುವುದು ಅಧಿಕಾರದಲ್ಲಿ ಇರುವವರದ್ದಾಗಿರಬೇಕು. ಒಂದನ್ನು ಬಿಟ್ಟರೂ ಗಲಾಟೆ.

ಮನೆ ಕಟ್ಟುವವರು ರಸ್ತೆ ಮೇಲೆ ಜಲ್ಲಿ, ಮರಳು ಹಾಕುವುದು ಹಾಗಲ್ಲ. ಸಣ್ಣ ಸೈಟಿನಲ್ಲಿ ಅವರಿಗೆ ಬೇರೆ ಜಾಗವೇ ಇರುವುದಿಲ್ಲ. ಚರಂಡಿ ಮುಚ್ಚಬಾರದು, ರಸ್ತೆಯ ಒಂದೇ ಬದಿ ಇರಬೇಕು, ರಾತ್ರಿ ಅಂಚಿಗೆ ಬಿಳಿ ಬಳಿದ ಕಲ್ಲು ಇಡಬೇಕು, ಹತ್ತು ದಿನದೊಳಗೆ ಎತ್ತಬೇಕು. ಇಷ್ಟಕ್ಕೆ ಒಪ್ಪಿ ಸಹಿ ಹಾಕಿದವರನ್ನು ನಾನು ತಡೆಯಲಿಲ್ಲ. ಹನ್ನೊಂದನೇ ದಿನ ಮಾತ್ರ ನಾನೇ ಹೋಗಿ ನಿಲ್ಲುತ್ತಿದ್ದೆ. ಕೆಲವರಿಗೆ ದಂಡ ಬಿತ್ತು, ಅವರ್ಯಾರೂ ಅನ್ಯಾಯ ಅನ್ನಲಿಲ್ಲ.

ಬಗೆಹರಿಯದೆ ಉಳಿದದ್ದು ಬೀಡಾಡಿ ದನಗಳದ್ದು. ಬೆಳಿಗ್ಗೆ ಹಾಲು ಕರೆದು ಬೀದಿಗೆ ಬಿಡುತ್ತಾರೆ, ಸಂಜೆ ಅವೇ ಮನೆಗೆ ಹೋಗುತ್ತವೆ. ಹೆದ್ದಾರಿಯಲ್ಲಿ ರಾತ್ರಿ ಮಲಗಿದ್ದಕ್ಕೆ ಬೈಕ್ ಗುದ್ದಿ ಒಬ್ಬ ಹುಡುಗನ ಕಾಲು ಹೋಯಿತು. ದೊಡ್ಡಿಗೆ ಹಾಕಿದೆವು. ಮಾಲೀಕರು ಶುಲ್ಕ ಕಟ್ಟಿ ಬಿಡಿಸಿಕೊಂಡು ಮಾರನೇ ದಿನ ಮತ್ತೆ ಬಿಟ್ಟರು. ನಾನು ಮನೆ ಮನೆಗೆ ಹೋಗಿ ಕೇಳಿದೆ. ಮೇಯಿಸುವ ಗೋಮಾಳದ ಜಾಗ ಲೇಔಟ್ ಆಗಿತ್ತು. ಮೇವು ಕೊಂಡು ಸಾಕುವಷ್ಟು ಹಾಲಿನ ದುಡ್ಡು ಹುಟ್ಟುತ್ತಿರಲಿಲ್ಲ. "ನಾಳೆ ಎಲ್ಲಿ ಕಟ್ಲಿ, ಏನ್ ತಿನ್ನಿಸ್ಲಿ?" ಅಂತ ಅವರೂ ಅದೇ ಪ್ರಶ್ನೆ ಕೇಳಿದರು. ಕೊರಳಿಗೆ ಹೊಳೆಯುವ ಪಟ್ಟಿ ಕಟ್ಟಿಸಿದೆವು, ಕತ್ತಲಲ್ಲಿ ಕಾಣಲಿ ಅಂತ. ಮಾರ್ಕೆಟ್‌ನ ತರಕಾರಿ ಸಿಪ್ಪೆ, ಸೊಪ್ಪಿನ ದಂಟನ್ನು ಬೇರೆ ಮಾಡಿಸಿ ಬೆಳಿಗ್ಗೆ ಒಂಬತ್ತರೊಳಗೆ ಅವರ ಕೊಟ್ಟಿಗೆಗೇ ತಲುಪಿಸಲು ಶುರು ಮಾಡಿದೆವು. ಆರು ಮನೆಯವರು ದನ ಕಟ್ಟಲು ಒಪ್ಪಿದರು. ಒಟ್ಟು ಹತ್ತೊಂಬತ್ತು ಮನೆ ಇದ್ದವು. ಏಳನೇ ಮನೆಯವರ ಜೊತೆ ಮಾತು ನಡೆಯುತ್ತಿದ್ದಾಗ ನನಗೆ ವರ್ಗವಾಯಿತು. ಹೊಸ ನಿರೀಕ್ಷಕರಿಗೆ ಆ ಹತ್ತೊಂಬತ್ತು ಮನೆಗಳ ಪಟ್ಟಿ, ಸಿಪ್ಪೆ ಕೊಡುವ ಅಂಗಡಿಗಳ ಹೆಸರು, ಆಟೊ ಹೊತ್ತಿನ ಆದೇಶದ ಪ್ರತಿ ಮೂರನ್ನೂ ರಸೀದಿ ಪುಸ್ತಕದ ಜೊತೆಗೇ ಕೈಗೆ ಕೊಟ್ಟು ಬಂದೆ.