ಲಿವರ್‌ಪೂಲಿಗೆ ಹೊಸದಾಗಿ ಬಂದವರಿಗೆ: ಕೆಂಪೋ, ನೀಲಿಯೋ?

ಲಿವರ್‌ಪೂಲಿಗೆ ಓದೋಕೋ ಕೆಲಸಕ್ಕೋ ಬಂದಿದ್ದೀರಾ? ಮನೆ ಸಾಮಾನು ಜೋಡಿಸಿ ಮುಗಿಸುವ ಮೊದಲೇ ಯಾರಾದರೂ ಕೇಳುತ್ತಾರೆ: ನೀವು ಕೆಂಪೋ, ನೀಲಿಯೋ? ಕೆಂಪು ಅಂದರೆ ಲಿವರ್‌ಪೂಲ್, ನೀಲಿ ಅಂದರೆ ಎವರ್ಟನ್. ಫುಟ್‌ಬಾಲ್ ಗೊತ್ತಿಲ್ಲ ಅಂದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಈ ಎರಡು ಕ್ಲಬ್‌ಗಳ ಕಥೆ ಸ್ವಲ್ಪ ಗೊತ್ತಿದ್ದರೆ ಇಲ್ಲಿಯ ಜನ ಬೇಗ ಹತ್ತಿರವಾಗುತ್ತಾರೆ.

ಕಥೆ ಶುರುವಾಗುವುದೇ ಬಾಡಿಗೆ ಜಗಳದಿಂದ. ಇವತ್ತು ಲಿವರ್‌ಪೂಲ್ ಆಡುವ ಆನ್‌ಫೀಲ್ಡ್‌ನಲ್ಲಿ 1884ರಿಂದ ಆಡುತ್ತಿದ್ದದ್ದು ಎವರ್ಟನ್. ಮೈದಾನದ ಬಾಡಿಗೆ ವಿಷಯದಲ್ಲಿ, ಮೈದಾನದ ಒಡೆಯರೂ ಆಗಿದ್ದ ಕ್ಲಬ್ ಅಧ್ಯಕ್ಷ ಜಾನ್ ಹೌಲ್ಡಿಂಗ್ ಅವರಿಗೂ ಕ್ಲಬ್‌ನ ಉಳಿದವರಿಗೂ ಸರಿಹೋಗಲಿಲ್ಲ. 1892ರಲ್ಲಿ ಎವರ್ಟನ್ ಸ್ಟ್ಯಾನ್ಲಿ ಪಾರ್ಕಿನ ಆಚೆ ಬದಿಗೆ, ಗುಡಿಸನ್ ಪಾರ್ಕಿಗೆ ಹೊರಟುಹೋಯಿತು. ಖಾಲಿ ಬಿದ್ದ ಮೈದಾನಕ್ಕೆ ಹೌಲ್ಡಿಂಗ್ ಹೊಸ ಕ್ಲಬ್ ಕಟ್ಟಿದರು. ಅದೇ ಲಿವರ್‌ಪೂಲ್. ಎರಡೂ ಮೈದಾನಗಳ ನಡುವೆ ಒಂದು ಮೈಲಿಯೂ ಇಲ್ಲ. ಒಂದೇ ಮನೆಯಲ್ಲಿ ಅಪ್ಪ ನೀಲಿ, ಮಗಳು ಕೆಂಪು ಇರುವುದು ಇಲ್ಲಿ ಮಾಮೂಲು.

ಮಾಲೀಕರ ಮಾತು ಬಂದರೆ ಮಾತ್ರ ಎರಡೂ ಕಡೆಯವರ ದನಿ ಏರುತ್ತದೆ. ಲಿವರ್‌ಪೂಲ್ 2010ರಿಂದ ಅಮೆರಿಕದ ಫೆನ್‌ವೇ ಸ್ಪೋರ್ಟ್ಸ್ ಗ್ರೂಪ್ ಕೈಯಲ್ಲಿದೆ. ಎವರ್ಟನ್ 2024ರ ಡಿಸೆಂಬರ್‌ನಲ್ಲಿ ಫರ್ಹಾದ್ ಮೊಶಿರಿ ಅವರಿಂದ ಅಮೆರಿಕದ ಫ್ರೀಡ್‌ಕಿನ್ ಗ್ರೂಪ್‌ಗೆ ಹೋಯಿತು. ಅದಕ್ಕೆ ಮೊದಲು ಖರ್ಚಿನ ನಿಯಮ ಮೀರಿದ್ದಕ್ಕೆ 2023-24ರಲ್ಲಿ ಎವರ್ಟನ್ ಒಟ್ಟು 8 ಅಂಕ ಕಳೆದುಕೊಂಡಿತ್ತು. ದುಡ್ಡು ಖರ್ಚು ಮಾಡಿದವರು ಮಾಲೀಕರು, ನಿದ್ದೆಗೆಟ್ಟವರು ಅಭಿಮಾನಿಗಳು. ಅದು ನ್ಯಾಯವಲ್ಲ, ಅಲ್ವಾ?

ಆದರೆ ಇಲ್ಲಿಯ ಜನ ಸುಮ್ನೆ ಕೂರುವವರಲ್ಲ. 2016ರ ಫೆಬ್ರವರಿಯಲ್ಲಿ ಆನ್‌ಫೀಲ್ಡ್‌ನ ಅತಿ ದುಬಾರಿ ಟಿಕೆಟ್ಟನ್ನು 77 ಪೌಂಡಿಗೆ ಏರಿಸಲು ಹೊರಟಾಗ, 77ನೇ ನಿಮಿಷಕ್ಕೆ ಸಾವಿರಾರು ಜನ ಎದ್ದು ಹೊರನಡೆದರು. ಕೆಲವೇ ದಿನಗಳಲ್ಲಿ ಮಾಲೀಕರು ಕ್ಷಮೆ ಕೇಳಿ ಹಿಂದೆ ಸರಿದರು. ಯುರೋಪಿನ ಕೆಲವು ದೊಡ್ಡ ಕ್ಲಬ್‌ಗಳು ಸೇರಿ ತಮ್ಮದೇ ಟೂರ್ನಿ ಮಾಡಲು ಹೊರಟ 2021ರ ಸೂಪರ್ ಲೀಗ್ ಯೋಜನೆಯೂ ಅಭಿಮಾನಿಗಳ ಸಿಟ್ಟಿಗೆ ಎರಡೇ ದಿನದಲ್ಲಿ ಕುಸಿಯಿತು. 2025ರಲ್ಲಿ ಕಾನೂನೇ ಬಂತು. ಇಂಗ್ಲೆಂಡಿನ ಫುಟ್‌ಬಾಲಿಗೆ ಸ್ವತಂತ್ರ ನಿಯಂತ್ರಕರು, ಹೊಸ ಮಾಲೀಕರು ಯೋಗ್ಯರೋ ಅಲ್ಲವೋ ಅನ್ನುವ ಪರೀಕ್ಷೆ. ಇದು ಬಹಳ ಹಿಂದೆಯೇ ಬರಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎವರ್ಟನ್‌ನ ಹೊಸ ಸ್ಟೇಡಿಯಂ ಬ್ರಾಮ್ಲಿ-ಮೂರ್ ಡಾಕ್‌ನಲ್ಲಿ, ಮರ್ಸಿ ನದಿಯ ದಂಡೆಯಲ್ಲಿದೆ. ಹೆಸರು ಹಿಲ್ ಡಿಕಿನ್ಸನ್ ಸ್ಟೇಡಿಯಂ, 52 ಸಾವಿರಕ್ಕೂ ಜಾಸ್ತಿ ಸೀಟು. 2025ರ ಆಗಸ್ಟ್‌ನಲ್ಲಿ ಅಲ್ಲಿ ಲೀಗ್ ಪಂದ್ಯಗಳು ಶುರುವಾದವು. ಈ ಕಟ್ಟಡದ ಯೋಜನೆಯೂ ಒಂದು ಕಾರಣವಾಗಿ 2021ರಲ್ಲಿ ನಗರ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಿಂದ ಹೊರಬಿತ್ತು. ಆದರೂ ಪಾಳುಬಿದ್ದಿದ್ದ ಹಡಗುಕಟ್ಟೆಗೆ ಜೀವ ಬಂದದ್ದು ನನಗೆ ಖುಷಿಯೇ. ಸ್ಯಾಂಡ್‌ಹಿಲ್ಸ್ ರೈಲ್ವೆ ಸ್ಟೇಷನ್ ಸ್ಟೇಡಿಯಂಗೆ ಹತ್ತಿರ. ಪಂದ್ಯ ಮುಗಿದ ಮೇಲೆ ಅಲ್ಲಿ ಸಾಲು ಉದ್ದ ಇರುತ್ತದೆ, ನಗರದ ಕಡೆ ನಡೆದುಬಿಡುವುದು ವಾಸಿ. ಹಳೇ ಗುಡಿಸನ್‌ನಲ್ಲಿ ಈಗ ಎವರ್ಟನ್ ಮಹಿಳಾ ತಂಡ ಆಡುತ್ತದೆ. ಮಕ್ಕಳಿರುವವರು ಮೊದಲ ಪಂದ್ಯವನ್ನು ಅಲ್ಲೇ ನೋಡಿ.

ಸ್ಟೇಡಿಯಂ ಹತ್ತಿರ ಬಾಡಿಗೆ ಮನೆ ನೋಡುವಾಗ ಪಂದ್ಯದ ದಿನದ ಪಾರ್ಕಿಂಗ್ ಪರ್ಮಿಟ್ ಬಗ್ಗೆ ತಪ್ಪದೆ ಕೇಳಿ. ಕಾರಿಲ್ಲದಿದ್ದರೂ ಕೇಳಿ, ನಿಮ್ಮ ಮನೆಗೆ ಬರುವವರಿಗೆ ಬೇಕಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಬೇಡವೇ ಬೇಡ: ಹಿಲ್ಸ್‌ಬರೋ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಆ ಮೈದಾನದಲ್ಲಿ ನಡೆದ ಜನಜಂಗುಳಿಯ ನೂಕುನುಗ್ಗಲಿನ ದುರಂತದಲ್ಲಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಸತ್ತರು. ತಪ್ಪನ್ನು ಅಭಿಮಾನಿಗಳ ಮೇಲೇ ಹೊರಿಸಿದ ದಿ ಸನ್ ಪತ್ರಿಕೆಯನ್ನು ಇಲ್ಲಿ ಬಹಳ ಜನ ಇಂದಿಗೂ ಕೊಳ್ಳುವುದಿಲ್ಲ. ದುರಂತವಾದ ಆ ದಿನಗಳಲ್ಲಿ ಎರಡೂ ಬಣ್ಣದ ಸ್ಕಾರ್ಫ್‌ಗಳನ್ನು ಒಂದಕ್ಕೊಂದು ಗಂಟು ಹಾಕಿ ಸ್ಟ್ಯಾನ್ಲಿ ಪಾರ್ಕಿನ ಉದ್ದಕ್ಕೂ ಕಟ್ಟಿದ್ದರು. ಈಗಲೂ ಎರಡೂ ಕಡೆಯ ಅಭಿಮಾನಿಗಳು ಸೇರಿ ಪಂದ್ಯದ ದಿನ, ಕಷ್ಟದಲ್ಲಿರುವವರಿಗೆ ಆಹಾರ ಹಂಚುವ ಫುಡ್ ಬ್ಯಾಂಕಿಗೆ ದಿನಸಿ ಕೂಡಿಸುತ್ತಾರೆ. ಪರಿಚಯ ಬೇಕಿದ್ದರೆ ಅಲ್ಲಿಗೆ ಹೋಗಿ, ಒಂದು ಚೀಲ ಅಕ್ಕಿಯೋ ಬೇಳೆಯೋ ತೆಗೆದುಕೊಂಡು.